ಮೇಲಕ್ಕೇರಿದ್ದು ಪ್ಯಾಂಟು

ಕೂಲಿಯಾಗಿ ಹುಟ್ಟಿ ಸಾಹುಕಾರರಾದವರು ಬಳ್ಳಾರಿಯಲ್ಲಿ ಯಾರಿದ್ದಾರೆಂದು ಹುಡುಕಿ ಸನ್ಮಾನ ಮಾಡುವ ಸಮಿತಿಯೊಂದು ರಚನೆಯಾದರೆ ನನ್ನ ಶಿಫಾರಸು ಜೀನ್ಸ್ ಪ್ಯಾಂಟಿಗೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಅದಕ್ಕೇ ಸಲ್ಲಬೇಕು. ಅಷ್ಟು ಕೆಳಗಿನಿಂದ ಇಷ್ಟು ಮೇಲಕ್ಕೆ ಬಂದ ಇನ್ನೊಂದು ಜೀವ ಈ ಜಿಲ್ಲೆಯಲ್ಲಿ ನನಗಂತೂ ಸಿಕ್ಕಿಲ್ಲ.

ಅದರ ಜಾತಕ ನೋಡಿ. ಅಮೆರಿಕದ ನೆವಾಡಾ ಸೀಮೆಯ ರೀನೋ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಇದ್ದ. ಕೂಲಿಯೊಬ್ಬನ ಹೆಂಡತಿ ಬಂದು, ನನ್ನ ಗಂಡನಿಗೆ ಎಂಥ ಪ್ಯಾಂಟೂ ತಡೆಯುವುದಿಲ್ಲ, ಗಟ್ಟಿಯಾದದ್ದೊಂದು ಹೊಲಿದುಕೊಡಪ್ಪಾ ಎಂದಳು. ಡೇವಿಸ್ ಕಿಸೆಯ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿದ. ಗಣಿ ಕೂಲಿಗಳು, ಮರ ಕಡಿಯುವವರು ಮುಗಿಬಿದ್ದರು. ಪೇಟೆಂಟ್ ಮಾಡಿಸೋಣವೆಂದರೆ ದರ್ಜಿಯ ಕಿಸೆಯಲ್ಲಿ ರಿವೆಟ್ ಇತ್ತೇ ಹೊರತು ದುಡ್ಡಿರಲಿಲ್ಲ. ತನಗೆ ಬಟ್ಟೆ ಕಳಿಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ಲೀವೈ ಸ್ಟ್ರಾಸ್‌ಗೆ ಕಾಗದ ಬರೆದ. 1873ರಲ್ಲಿ ಪೇಟೆಂಟ್ ಬಂತು. ಸೊಂಟದ ಪಟ್ಟಿಗೆ ಹತ್ತಿದ್ದು ವ್ಯಾಪಾರಿಯ ಹೆಸರು. ದರ್ಜಿ ಅದೇ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾದ. ಬಳ್ಳಾರಿಯ ಕೌಲ್ ಬಜಾರಿನ ದರ್ಜಿಗೆ ಈ ಕಥೆ ಹೇಳಿದರೆ ಆಶ್ಚರ್ಯವೇನೂ ಆಗುವುದಿಲ್ಲ. "ಅಲ್ಲೂ ಹಂಗೇನಾ ಸಾರ್?" ಎಂದು ಕೇಳಿ ಮತ್ತೆ ಮಷೀನ್ ತುಳಿಯುತ್ತಾನೆ.

ಕೌಲ್ ಬಜಾರು ದಂಡಿನವರ ಬಜಾರು. ಬ್ರಿಟಿಷ್ ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳ ಮಕ್ಕಳು ಮೊಮ್ಮಕ್ಕಳೇ ಮುಂದೆ ಜೀನ್ಸಿಗೆ ಇಳಿದರೆಂದು ಊರಿನಲ್ಲಿ ಹೇಳುತ್ತಾರೆ. ಈಗ ಮುಂಡರಗಿ ಕೈಗಾರಿಕಾ ಪ್ರದೇಶದಿಂದ ಹಿಡಿದು ಓಣಿಯ ಪಡಸಾಲೆಯವರೆಗೆ ಅದೇ ನೀಲಿ. ಒಬ್ಬ ಕಿಸೆ ಹೊಲಿಯುತ್ತಾನೆ, ಒಬ್ಬ ಜಿಪ್ಪು ಕೂರಿಸುತ್ತಾನೆ, ಒಬ್ಬ ಕಾಜಾ ಮಾಡುತ್ತಾನೆ. ಎಲ್ಲರಿಗೂ ಪೀಸಿನ ಲೆಕ್ಕ. ಕೊನೆಯಲ್ಲಿ ಪ್ಯಾಂಟಿನ ಕಟ್ಟು ಮನೆಗಳಿಗೆ ಹೋಗುತ್ತದೆ. ಹೆಂಗಸರು ಬಾಗಿಲ ಬಳಿ ಬೆಳಕಿಗೆ ಕುಳಿತು ಚಿಕ್ಕ ಕತ್ತರಿಯಲ್ಲಿ ಹೆಚ್ಚುವರಿ ದಾರ ಕತ್ತರಿಸುತ್ತಾರೆ. ಬೆರಳ ತುದಿಗೆ ಹತ್ತಿದ ನೀಲಿ ರೊಟ್ಟಿ ತಟ್ಟುವಾಗಲೂ ಹೋಗಿರುವುದಿಲ್ಲ.

ಇದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಹೊಸ ಪ್ಯಾಂಟನ್ನು ಹಳೆಯದು ಮಾಡುವ ವಿದ್ಯೆ. ಮೊಣಕಾಲಿನ ಮೇಲೆ ಉಪ್ಪುಕಾಗದ ಉಜ್ಜಿ ಸವೆಸಬೇಕು. ತೊಡೆಯ ಹತ್ತಿರ ಅಳತೆ ಮಾಡಿ ಹರಿಯಬೇಕು. ಎಳೆ ಎಳೆಯಾಗಿ ಬಿಡಿಸಿದಷ್ಟೂ ದರ ಜಾಸ್ತಿ. ಇಂಥ ಪ್ಯಾಂಟಿನ ರಾಶಿಯ ಮುಂದೆ ಕೂತಿದ್ದ ಅಕ್ಕನೊಬ್ಬಳನ್ನು, "ಇದು ಹರಿದೈತಲ್ಲಕ್ಕಾ?" ಎಂದು ಕೇಳಿದೆ. ಆಕೆ ನನ್ನ ಅಜ್ಞಾನಕ್ಕೆ ಮರುಗಿ ಹೇಳಿದಳು: "ಹರಿದಿಲ್ಲಣ್ಣ, ಹರಿಸೀವಿ. ಹರಿದಿದ್ದು ನಮ್ಮ ಹುಡುಗ್ರು ಹಾಕ್ಕೋತಾವೆ. ಹರಿಸಿದ್ದು ನಿಮ್ಮ ಹುಡುಗ್ರು ಹಾಕ್ಕೋತಾವೆ."

ವರ್ಗದ ಬಗ್ಗೆ ಇದಕ್ಕಿಂತ ಖಚಿತವಾಗಿ ಹೇಳಿದ ಪ್ರಬಂಧ ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ. ಗಣಿ ಕೂಲಿಗೆಂದು ಹುಟ್ಟಿದ ಪ್ಯಾಂಟು ಗಣಿ ಜಿಲ್ಲೆಗೇ ಬಂತು. ಆದರೆ ಇಲ್ಲಿನ ಗಣಿ ಕೂಲಿಗೆ ಅದು ಎಟುಕಲಿಲ್ಲ. ಅವನು ಲುಂಗಿ ಕಟ್ಟಿಕೊಂಡೇ ಕಲ್ಲು ಒಡೆದ. ಪ್ಯಾಂಟು ಬೆಂಗಳೂರಿನ ಮಾಲ್ ಸೇರಿ, ಗಾಜಿನ ಹಿಂದೆ ನಿಂತು, ತನ್ನನ್ನು ಹೊಲಿದವನ ಗುರುತೇ ಸಿಗದವರಂತೆ ಮುಖ ತಿರುಗಿಸಿತು. ಮೇಲೇರಿದವರೆಲ್ಲ ಮಾಡುವುದೂ ಇದನ್ನೇ ಆದ್ದರಿಂದ ಪ್ಯಾಂಟನ್ನು ದೂರಿ ಫಲವಿಲ್ಲ.

ಎರಡನೆಯ ಸನ್ಮಾನ ನವಣೆಗೆ. ನಮ್ಮ ಅಜ್ಜಿಯರ ಕಾಲದಲ್ಲಿ ಮನೆಗೆ ನೆಂಟರು ಬಂದರೆ ನವಣೆ ಅನ್ನವನ್ನು ಮುಚ್ಚಿಟ್ಟು ಪಕ್ಕದ ಮನೆಯಿಂದ ಸೇರಕ್ಕಿ ಕಡ ತರುತ್ತಿದ್ದರು. ಈಗ ಅದೇ ನವಣೆ ಸಿರಿಧಾನ್ಯ ಎಂಬ ಬಿರುದು ಧರಿಸಿ, ಕಾಗದದ ಚೀಲದಲ್ಲಿ ಕುಳಿತು, ವೈದ್ಯರ ಚೀಟಿ ಇದ್ದವರಿಗೆ ಮಾತ್ರ ದರ್ಶನ ಕೊಡುತ್ತದೆ. ಅಕ್ಕಿ ಕೆಳಗಿಳಿಯಿತು. 2013ರಲ್ಲಿ ಅನ್ನಭಾಗ್ಯ ಬಂದಾಗ ಹೊಟ್ಟೆ ತುಂಬಿದವರ ಮನೆಗಳಲ್ಲಿ ಎದ್ದ ಕೂಗು ನೆನಪಿದೆಯಲ್ಲ? "ಅಕ್ಕಿ ಕೊಟ್ಟು ಆಳುಗಳನ್ನ ಸೋಮಾರಿ ಮಾಡಿದರು" ಅಂತ. ತಾವೇ ಬಿತ್ತಿ ಬೆಳೆದವರಂತೆ ಇದನ್ನು ಹೇಳುತ್ತಿದ್ದವರು ಊಟವಾದ ಮೇಲೆ ಮಧ್ಯಾಹ್ನ ಎರಡು ತಾಸು ಮಲಗುವವರು.

ಮೂರನೆಯದು ಮಣ್ಣು. ಇದರ ಕಥೆ ಲೋಕಕ್ಕೇ ಗೊತ್ತು. ಈ ಶತಮಾನದ ಮೊದಲ ದಶಕದಲ್ಲಿ ಚೀನಾಕ್ಕೆ ಉಕ್ಕು ಬೇಕಾಯಿತು. 2008ರಲ್ಲಿ ಅವರ ಮನೆಯಲ್ಲಿ ಒಲಿಂಪಿಕ್ಸ್ ಎಂಬ ದೊಡ್ಡ ಮದುವೆ ಇತ್ತು. ಸಂಡೂರು, ಹೊಸಪೇಟೆ ಕಡೆಯ ಕೆಂಪು ಮಣ್ಣಿಗೆ ಒಮ್ಮೆಲೇ ಯೋಗ ಬಂತು. ಶೇಂಗಾ ಬಿತ್ತಿ ಬೀಜದ ದುಡ್ಡೂ ಹುಟ್ಟದ ಹೊಲದಲ್ಲಿ ಅಗೆದದ್ದೆಲ್ಲ ಅದಿರು. ಲಾರಿ ಕ್ಲೀನರ್ ಆಗಿದ್ದವನು ಸಾಲ ಮಾಡಿ ಲಾರಿ ಮಾಲೀಕನಾದ, ಒಂದು ಲಾರಿ ಮೂರಾಯಿತು, ಕೊರಳಿಗೆ ಸರಪಳಿಯಂಥ ಚಿನ್ನ ಬಂತು. ಚಹಾದ ಅಂಗಡಿಯಲ್ಲಿ ನಿನ್ನೆಯವರೆಗೆ "ಲೇ" ಅನ್ನಿಸಿಕೊಳ್ಳುತ್ತಿದ್ದವನು "ಅಣ್ಣಾ" ಅನ್ನಿಸಿಕೊಂಡ. ಈ ಬಡ್ತಿಗೆ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ; ಆರ್.ಸಿ. ಪುಸ್ತಕ ಒಂದೇ ದಾಖಲೆ.

ಆಮೇಲೆ 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಅದೇ ವಾರ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮೇಲೇರಲು ಏಳೆಂಟು ವರ್ಷ ಬೇಕಾಗಿತ್ತು, ಇಳಿಯಲು ಒಂದು ಆದೇಶ ಸಾಕಾಯಿತು. ಲಾರಿಗಳು ಸಾಲಾಗಿ ನಿಂತು ಟೈರಿನ ಸುತ್ತ ಹುಲ್ಲು ಬೆಳೆಯಿತು. ಫೈನಾನ್ಸಿನವರು ಬಂದರು. ಚಹಾದ ಅಂಗಡಿಯಲ್ಲಿ "ಅಣ್ಣಾ" ಎಂಬುದು ಮತ್ತೆ "ಲೇ" ಆಗಲು ಎಷ್ಟು ದಿನ ಹಿಡಿಯಿತೆಂದು ಯಾರೂ ಲೆಕ್ಕ ಇಟ್ಟಂತಿಲ್ಲ.

ಇದೇ ಮಣ್ಣಿನಿಂದ ಎದ್ದ ದೊಡ್ಡ ಹೆಸರು ಗಾಲಿ ಜನಾರ್ದನ ರೆಡ್ಡಿಯವರದು. ಪೊಲೀಸ್ ಕಾನ್‌ಸ್ಟೇಬಲ್ ಒಬ್ಬರ ಮಗ ಮಂತ್ರಿಯಾದರು, 2009ರಲ್ಲಿ ತಿರುಪತಿ ತಿಮ್ಮಪ್ಪನಿಗೆ ವಜ್ರದ ಕಿರೀಟ ಅರ್ಪಿಸಿದರು, 2011ರ ಸೆಪ್ಟೆಂಬರಿನಲ್ಲಿ ಸಿಬಿಐ ಅವರನ್ನು ಬಂಧಿಸಿತು. 2016ರ ನವೆಂಬರಿನಲ್ಲಿ, ನೋಟು ರದ್ದಾಗಿ ಊರೆಲ್ಲ ಎಟಿಎಂ ಮುಂದೆ ಸಾಲು ನಿಂತಿದ್ದಾಗ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಗಳ ಮದುವೆ ಮಾಡಿದರು. ಆಮಂತ್ರಣ ಪತ್ರಿಕೆಯ ಪೆಟ್ಟಿಗೆ ತೆರೆದರೆ ಪುಟ್ಟ ಪರದೆಯ ಮೇಲೆ ಮನೆಯವರೆಲ್ಲ ಹಾಡುತ್ತ ಕರೆಯುತ್ತಿದ್ದರು. ಮಂಟಪಕ್ಕೆ ಹಂಪಿಯ ಸೆಟ್ಟು. ಬಳ್ಳಾರಿಯಿಂದ ಹಂಪಿ 60 ಕಿಲೋಮೀಟರು, ನಿಜವಾದದ್ದು, ಬಾಡಿಗೆ ಇಲ್ಲದೆ ನೋಡಲು ಸಿಗುವಂಥದ್ದು. ಅದನ್ನು ರಟ್ಟು, ಹಲಗೆ, ಬಣ್ಣದಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಮೇಲೇ ಅದು ದೊಡ್ಡವರ ಹಂಪಿಯಾದದ್ದು. 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯ ಅವರಿಗೆ ಏಳು ವರ್ಷದ ಶಿಕ್ಷೆ ವಿಧಿಸಿತು. ಮರುತಿಂಗಳೇ ತೆಲಂಗಾಣ ಹೈಕೋರ್ಟು ಅದನ್ನು ಅಮಾನತಿನಲ್ಲಿಟ್ಟಿತು. ಆ ಮದುವೆಯನ್ನು ಟೀವಿಯಲ್ಲಿ ನೋಡಿ ಹಲ್ಲು ಕಡಿದ ಮಧ್ಯಮ ವರ್ಗದವರು ಮಾರನೆಯ ವರ್ಷದಿಂದ ತಮ್ಮ ಮಕ್ಕಳ ಮದುವೆಗೂ ಸಣ್ಣ ಹಂಪಿ, ಸಣ್ಣ ಮೈಸೂರು ಅರಮನೆ ಹಾಕಿಸತೊಡಗಿದ್ದನ್ನು ಬಳ್ಳಾರಿಯ ಕಲ್ಯಾಣ ಮಂಟಪಗಳಲ್ಲಿ ಉಂಡವರೆಲ್ಲ ಕಂಡಿದ್ದಾರೆ. ಸಿಟ್ಟು ಬಂದದ್ದು ದುಂದಿನ ಮೇಲಲ್ಲ, ಅಳತೆಯ ಮೇಲೆ.

ಈ ಊರಿಗೆ ಇದೆಲ್ಲ ಹೊಸದೇನಲ್ಲ. ಬಳ್ಳಾರಿ ಗುಡ್ಡದ ಮೇಲಿನ ಕೋಟೆಯ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಹೈದರಾಲಿ ಫ್ರೆಂಚ್ ಇಂಜಿನಿಯರ್ ಒಬ್ಬನನ್ನು ಹಿಡಿದು ಕೋಟೆಯನ್ನು ಬಲಪಡಿಸಿದನಂತೆ. ಎಲ್ಲ ಮುಗಿದ ಮೇಲೆ ಕೋಟೆಯಲ್ಲಿ ನಿಂತು ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಅಲ್ಲಿ ತೋಪು ಇಟ್ಟರೆ ಕೋಟೆ ಮುಗಿಯಿತು. ಇಂಜಿನಿಯರನನ್ನು ಗಲ್ಲಿಗೇರಿಸಿದರಂತೆ. ಕೋಟೆಯ ಬಾಗಿಲ ಹತ್ತಿರ ಅವನ ಗೋರಿ ಎಂದು ಈಗಲೂ ತೋರಿಸುತ್ತಾರೆ. ನಿಜವೋ ಕಟ್ಟುಕಥೆಯೋ, ಬಳ್ಳಾರಿಯ ಶ್ರೀಮಂತಿಕೆಯ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಬರೆಯಲು ಬರುವುದಿಲ್ಲ. ಸಿರುಗುಪ್ಪದವನು ಬಳ್ಳಾರಿಯಲ್ಲಿ ಸೈಟು ಕೊಂಡು ಗೆದ್ದೆನೆನ್ನುವಷ್ಟರಲ್ಲಿ ಬಳ್ಳಾರಿಯವನು ಬೆಂಗಳೂರಿನಲ್ಲಿ ಫ್ಲ್ಯಾಟು ಕೊಂಡಿರುತ್ತಾನೆ. ಅವನು ಗೃಹಪ್ರವೇಶ ಮಾಡುವಷ್ಟರಲ್ಲಿ ಬೆಂಗಳೂರಿನವನ ಮಗ ಟೆಕ್ಸಾಸಿನಿಂದ ಮನೆಯ ಫೋಟೋ ಕಳಿಸಿರುತ್ತಾನೆ. ಹೀಗಾಗಿ ಇಲ್ಲಿ ಶ್ರೀಮಂತರೇ ಇಲ್ಲ, ಎದುರಿನ ಗುಡ್ಡ ನೋಡಿ ನಿಟ್ಟುಸಿರು ಬಿಡುವ ಬಡವರೇ ಎಲ್ಲ. ಆ ಎದುರಿನ ಗುಡ್ಡ ಕುಂಬಾರರ ಹೆಸರಿನದು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಸಿರುಗುಪ್ಪಕ್ಕೆ ಹೋಗೋಣ. ಅಲ್ಲಿ ಮೇಲೇರಿದ್ದು ಭೂಮಿ.

ಹೊಲಗಳಿಗೆ ತರಗತಿ ಬರೆಯುವ ಚಾಳಿ ಹಳೆಯದು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, ಪಾಳೆಗಾರರನ್ನು ಪಿಂಚಣಿಗೆ ಇಳಿಸಿ, ಹೊಲ ಹೊಲ ಅಳೆಸಿ, ಮಣ್ಣಿನ ಯೋಗ್ಯತೆಗೆ ತಕ್ಕ ಕಂದಾಯ ಕಟ್ಟಿದ. ಮಳೆ ನಂಬಿದ ಖುಷ್ಕಿ ಎಂದರೆ ಕೀಳು, ನೀರುಣ್ಣುವ ತರಿ ಎಂದರೆ ಮೇಲು. ಆ ಲೆಕ್ಕದಲ್ಲಿ ಸಿರುಗುಪ್ಪದ ಕರಿ ಎರೆಭೂಮಿ ಬಹುಪಾಲು ಖುಷ್ಕಿಯೇ. ನದಿ ದಂಡೆಯಲ್ಲಿ ಕೆಂಚನಗುಡ್ಡದಂಥ ಕಡೆ ಮಾತ್ರ ಹಳೆಯ ಕಾಲುವೆಯ ನೀರು. ಉಳಿದವರಿಗೆ ಜೋಳ, ಹತ್ತಿ, ಮುಗಿಲ ಕಡೆ ನೋಟ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ತುಂಗಭದ್ರಾ ಅಣೆಕಟ್ಟು ಎದ್ದಿತು. ಕಾಲುವೆ ಬರುತ್ತದೆ ಎಂಬ ಸುದ್ದಿ ಸಿರುಗುಪ್ಪದ ರೈತನಿಗಿಂತ ಮೊದಲು ಕರಾವಳಿ ಆಂಧ್ರದ ರೈತನಿಗೆ ಅರ್ಥವಾಯಿತು. ಅವರು ಅಲ್ಲಿ ಒಂದೆಕರೆ ಮಾರಿ ಇಲ್ಲಿ ಹಲವು ಎಕರೆ ಕೊಂಡರು. ಹೊಲದಲ್ಲೇ ಗುಡಿಸಲು ಹಾಕಿ, ಹಾವು ಚೇಳಿನ ನಡುವೆ ಹೆಂಡತಿ ಮಕ್ಕಳೊಂದಿಗೆ ದುಡಿದು, ಗದ್ದೆ ಮಟ್ಟ ಮಾಡಿದರು. ಹಾಗೆ ಎದ್ದ ಊರುಗಳೇ ಕ್ಯಾಂಪುಗಳು. ಅವರ ದುಡಿಮೆಯನ್ನು ಅಲ್ಲಗಳೆಯುವವನು ಸುಳ್ಳುಗಾರ. ನಮ್ಮವರು ಏನು ಮಾಡಿದರು? "ನೀರು ಬಂದ್ರೆ ಎರೆಭೂಮಿ ಸವಳಾಗಿ ಹಾಳಾಗ್ತೈತಿ" ಎಂದು ಊರ ಹಿರಿಯರೆಲ್ಲ ತಲೆದೂಗಿ, ಕೊಟ್ಟಷ್ಟಕ್ಕೆ ಹೊಲ ಮಾರಿ, ಆ ದುಡ್ಡಿನಲ್ಲಿ ಮಗಳ ಮದುವೆ ಮಾಡಿ, ಸಾಲ ತೀರಿಸಿ, ಉಳಿದದ್ದರಲ್ಲಿ ಜಾತ್ರೆಗೆ ಹೋಗಿಬಂದರು. ಬಂದು ನೋಡುವಷ್ಟರಲ್ಲಿ ಖುಷ್ಕಿ ತರಿಯಾಗಿತ್ತು. ಭೂಮಿಗೆ ಬಡ್ತಿ, ಮಾರಿದವನಿಗೆ ಹಿಂಬಡ್ತಿ. ಸೊಸೆ ಸೀರೆ ಎತ್ತಿ ಕಟ್ಟಿ ತನ್ನ ಮಾವನ ಹೊಲದಲ್ಲೇ ಕೂಲಿಗೆ ನಾಟಿ ಹಾಕಿದಳು.

ಈಗ ಕಥೆಗೆ ಇನ್ನೊಂದು ತಿರುವು ಬಂದಿದೆ. ಕ್ಯಾಂಪಿನ ಮೊಮ್ಮಕ್ಕಳು ಓದಿ ಹೈದರಾಬಾದಿಗೂ ಅಮೆರಿಕಕ್ಕೂ ಹೋದರು. ಹೊಲ ಗುತ್ತಿಗೆಗೆ ಬಿತ್ತು. ಗುತ್ತಿಗೆ ಹಿಡಿದವನು ಯಾರೆಂದರೆ ಅಂದು ಮಾರಿದವನ ಮೊಮ್ಮಗ. ಎಕರೆಗೆ ಇಂತಿಷ್ಟು ಚೀಲ ಭತ್ತ ಮಾಲೀಕನಿಗೆ. ಬೆಳೆ ಬರಲಿ ಬಿಡಲಿ, ಚೀಲದ ಲೆಕ್ಕ ತಪ್ಪುವಂತಿಲ್ಲ. ಗೊಬ್ಬರ, ಔಷಧಿ, ಯಂತ್ರದ ಬಾಡಿಗೆ, ಸೊಸೈಟಿಯಲ್ಲಿ ಸಿಗದ ಸಾಲಕ್ಕೆ ಅಂಗಡಿಯವನ ಬಡ್ಡಿ ಎಲ್ಲ ಈತನದು. ಬೆಳೆ ಪರಿಹಾರ ಬಂದರೆ ಮಾತ್ರ ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ. ಅಜ್ಜನ ಹೊಲದಲ್ಲಿ ಮೊಮ್ಮಗ ರೈತನಾದ ಎಂದು ನಮ್ಮ ಜನಪ್ರತಿನಿಧಿಗಳು ಇದಕ್ಕೂ ಒಂದು ಹೆಮ್ಮೆಯ ಭಾಷಣ ಮಾಡಬಲ್ಲರು.

ನೀರಿಗೂ ಕುಲವಿದೆ. ಅಣೆಕಟ್ಟಿನಿಂದ ಬಲದಂಡೆಗೆ ಹೊರಡುವ ಎರಡು ಕಾಲುವೆಗಳಲ್ಲಿ ಒಂದು ಮೇಲ್ಮಟ್ಟದ್ದು, ಇನ್ನೊಂದು ಕೆಳಮಟ್ಟದ್ದು. ಸಿರುಗುಪ್ಪಕ್ಕೆ ಒಲಿದದ್ದು ಕೆಳಮಟ್ಟದ್ದು. ಅದರಲ್ಲೂ ಮೇಲ್ಭಾಗದವರು ಕುಡಿದು, ಮುಖ ತೊಳೆದು, ಮಿಕ್ಕದ್ದು ಕೊನೆಭಾಗಕ್ಕೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟು ಕೊಚ್ಚಿಹೋಯಿತು. ಮರುವರ್ಷ ಗೇಟುಗಳನ್ನು ಬದಲಿಸಬೇಕೆಂದು ಎರಡನೇ ಬೆಳೆಗೆ ನೀರಿಲ್ಲ ಎಂದರು. ಪಹಣಿ ಇದ್ದವನು ಹೈದರಾಬಾದಿನಲ್ಲಿ ಸುದ್ದಿ ಓದಿ "ಅಯ್ಯೋ" ಎಂದ. ಗುತ್ತಿಗೆದಾರ ಗದ್ದೆಯ ಬದುವಿನ ಮೇಲೆ ಕೂತು ಬಡ್ಡಿ ಎಣಿಸಿದ.

ಕುಡಿತಿನಿ ಸುತ್ತಮುತ್ತಲಿನ ರೈತರದು ಇನ್ನೊಂದು ಬಗೆ. 2010ರ ಬಂಡವಾಳ ಸಮಾವೇಶದ ಸಡಗರದಲ್ಲಿ ದೊಡ್ಡ ದೊಡ್ಡ ಉಕ್ಕಿನ ಕಾರ್ಖಾನೆ ಬರುತ್ತದೆಂದು ಅವರ ಸಾವಿರಾರು ಎಕರೆ ಹೋಯಿತು. ಭೂಮಿಗೆ ಕೈಗಾರಿಕಾ ಪ್ರದೇಶ ಎಂಬ ಪದವಿ ಬಂತು. ಕಾರ್ಖಾನೆ ಬರಲಿಲ್ಲ. ರೈತನಿಗೂ ಒಂದು ಪದವಿ ಕೊಟ್ಟರು: ಭೂಸಂತ್ರಸ್ತ. ಆ ಹೆಸರಿನ ಬ್ಯಾನರ್ ಕಟ್ಟಿಕೊಂಡು ವರ್ಷಗಟ್ಟಲೆ ಧರಣಿ ಕೂತಿದ್ದಾರೆ.

ಊರುಗಳಿಗಾದರೂ ಬಡ್ತಿ ಸಿಗುತ್ತದೆಯೇ ಎಂದರೆ ಕುರುಗೋಡು ನೋಡಬೇಕು. ಸುಮಾರು ಒಂಬೈನೂರು ವರ್ಷದ ಹಿಂದೆ ಅದು ಸಿಂದರ ರಾಜಧಾನಿ. ಆಮೇಲೆ ಹೋಬಳಿ. ಮಧ್ಯೆ ವಿಧಾನಸಭಾ ಕ್ಷೇತ್ರವಾಗಿ ತನ್ನದೇ ಶಾಸಕರನ್ನು ಹೊಂದಿತ್ತು. 2008ರ ಕ್ಷೇತ್ರ ವಿಂಗಡಣೆಯಲ್ಲಿ ಅದೂ ಹೋಯಿತು. 2017ರ ಬಜೆಟ್ಟಿನಲ್ಲಿ ಹೊಸ ತಾಲೂಕುಗಳ ಪಟ್ಟಿಗೆ ಸೇರಿ ಈಗ ತಹಶೀಲ್ದಾರರನ್ನು ಪಡೆದಿದೆ. ರಾಜ ಹೋಗಿ ಶಾಸಕ, ಶಾಸಕ ಹೋಗಿ ತಹಶೀಲ್ದಾರ. ಒಂಬತ್ತು ಶತಮಾನದ ಏರಿಳಿತಗಳನ್ನು ಒಂದಿಷ್ಟೂ ಅಲುಗದೆ ನೋಡುತ್ತ ಕೂತವನು ಗುಡಿಯೊಳಗಿನ ಏಕಶಿಲೆಯ ದೊಡ್ಡ ಬಸವಣ್ಣ ಒಬ್ಬನೇ. ಬಳ್ಳಾರಿಯದಂತೂ ಇನ್ನೂ ಸುಲಭ: 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ಅದರ ಕಾಗುಣಿತ ಬದಲಾಯಿತು. ಕನ್ನಡದಲ್ಲಿ ಮೊದಲೂ ಬಳ್ಳಾರಿ, ಈಗಲೂ ಬಳ್ಳಾರಿ. ಬೋರ್ಡು ಬರೆಯುವವನಿಗೆ ಒಂದಿಷ್ಟು ಕೆಲಸ ಸಿಕ್ಕಿತು.

ಹಾಗಾದರೆ ಮನುಷ್ಯರು ಮೇಲೇರುವುದೇ ಇಲ್ಲವೇ? ಏರುತ್ತಾರೆ. ಓದಿ ಏರುತ್ತಾರೆ. ಕುರುಗೋಡು ಕಡೆಯ ಹಳ್ಳಿಯೊಂದರ ಕೇರಿಯ ಹುಡುಗ ಹಾಸ್ಟೆಲಿನಲ್ಲಿ ಓದಿ, ಇಂಜಿನಿಯರಾಗಿ, ಬಳ್ಳಾರಿಗೆ ನೌಕರಿಗೆ ಬಂದನೆನ್ನಿ. ಬಾಡಿಗೆ ಮನೆ ಬೇಕು. ಬಸವೇಶ್ವರ ನಗರ, ಗಾಂಧಿನಗರ, ಕುವೆಂಪು ನಗರ ಎಂದು ಎಲ್ಲ ಬಡಾವಣೆಗೂ ಜಾತಿ ಬೇಡವೆಂದವರ ಹೆಸರೇ ಇಟ್ಟಿರುವುದರಿಂದ ಹುಡುಗ ಧೈರ್ಯವಾಗಿ ಗೇಟು ತೆರೆಯುತ್ತಾನೆ.

"ಏನ್ ಕೆಲ್ಸ ಮಾಡ್ತೀರಿ?"

"ಇಂಜಿನಿಯರ್ ಸಾರ್."

"ಬಹಳ ಸಂತೋಷ. ಕೂಡ್ರಿ, ಕೂಡ್ರಿ. ಲೇ, ಚಹಾ ಇಡು. ಊರು?"

"ಕುರುಗೋಡು ಹತ್ರ ಸಾರ್."

"ಹೌದಾ! ದೊಡ್ಡಬಸವೇಶ್ವರ ನಮ್ಮ ಮನೆದೇವ್ರು ರೀ. ತೇರಿಗೆ ತಪ್ಪಿಸಂಗಿಲ್ಲ. ನಿಮ್ಮ ಅಡ್ಡಹೆಸ್ರು ಏನು?"

ಹುಡುಗ ಹೇಳುತ್ತಾನೆ.

"ಅಲ್ಲಾ... ಮನಿಯಾಗ ಅಡಿಗಿ ಹೆಂಗ? ವೆಜ್ಜೋ, ನಾನ್‌ವೆಜ್ಜೋ?"

ಹುಡುಗ ಅದನ್ನೂ ಹೇಳುತ್ತಾನೆ. ಒಳಗೆ ಚಹಾದ ಸದ್ದು ನಿಲ್ಲುತ್ತದೆ.

"ನಮಗೇನೂ ಇಲ್ಲ ನೋಡ್ರಿ, ನಾವು ಅದನ್ನೆಲ್ಲ ನೋಡೋದೇ ಇಲ್ಲ. ನಮ್ಮ ತಾಯಿ ವಯಸ್ಸಾದವ್ರು. ಅದೂ ಅಲ್ದೆ ಮೊನ್ನೆನೇ ಒಬ್ರು ಅಡ್ವಾನ್ಸ್ ಕೊಟ್ಟು ಹೋಗ್ಯಾರ."

ಅಡ್ವಾನ್ಸ್ ಕೊಟ್ಟವರು ಬರುವುದಿಲ್ಲ. 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ದೀಪಾವಳಿಯವರೆಗೂ ತೂಗಾಡುತ್ತದೆ. ಆ ತಾಯಿಯನ್ನು ಕೇಳಿದರೆ ಆಕೆಗೆ ಕಿವಿ ಕೇಳುವುದಿಲ್ಲ, ಯಾರು ಬಂದರೂ ಹೋದರೂ ಗೊತ್ತಾಗುವುದಿಲ್ಲ. ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಎಂದು ಹೆಸರಿಟ್ಟು ಮೂರು ದಶಕವಾಯಿತು. ಸಂಬಳದ ಚೀಟಿ ಗೌರ್ಮೆಂಟಿನದು, ಗೇಟು ಇನ್ನೂ ಖಾಸಗಿಯದು.

ಇದೇ ಮನೆ ಮಾಲೀಕರಿಗೆ ಮೀಸಲಾತಿಯೆಂದರೆ ಹೊಟ್ಟೆ ಉರಿ. ಬಳ್ಳಾರಿ ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ನಗರ ಬಿಟ್ಟು ನಾಲ್ಕೂ ಪರಿಶಿಷ್ಟ ಪಂಗಡಕ್ಕೆ ಮೀಸಲು. ಲೋಕಸಭಾ ಕ್ಷೇತ್ರವೂ ಅಷ್ಟೇ. "ನಮಗೆ ನಿಲ್ಲೋಕೆ ಜಾಗನೇ ಇಲ್ಲ" ಎಂಬುದು ಅವರ ಕೊರಗು. ನಿಲ್ಲಲು ಜಾಗವಿಲ್ಲದಿದ್ದರೂ, ನಿಂತವರ ಹಿಂದೆ ಕೂತು ಹಣ ಹೂಡಲು, ಗೆದ್ದ ಮೇಲೆ ಗುತ್ತಿಗೆ ಹಿಡಿಯಲು ಜಾಗಕ್ಕೆ ಕೊರತೆ ಬಂದದ್ದನ್ನು ಯಾರೂ ಕಂಡಿಲ್ಲ. ಇನ್ನು ಸಂವಿಧಾನದ 371(ಜೆ) ವಿಧಿ ಬಂದು ಕಲ್ಯಾಣ ಕರ್ನಾಟಕದವರಿಗೆ ಸೀಟು, ನೌಕರಿಯಲ್ಲಿ ಪಾಲು ಸಿಕ್ಕಿತಲ್ಲ, ಆ ಪ್ರಮಾಣಪತ್ರದ ಸಾಲಿನಲ್ಲಿ ಇದೇ ಮಾಲೀಕರು ಬೆಳಗ್ಗೆ ಎಂಟಕ್ಕೇ ಮೊದಲಿಗರು. ಅವರ ಮಗನಿಗೆ ಸಿಕ್ಕಿದರೆ ಪ್ರಾದೇಶಿಕ ನ್ಯಾಯ. ಕೇರಿಯವನ ಮಗನಿಗೆ ಸಿಕ್ಕಿದರೆ ಪ್ರತಿಭೆಗೆ ಅನ್ಯಾಯ. ಮಗ ಡೊನೇಷನ್ ಕೊಟ್ಟು ಮೆಡಿಕಲ್ ಸೇರಿದರೆ ಅದಕ್ಕೆ ಅವರಲ್ಲಿ ಹೆಸರೇ ಇಲ್ಲ. ಸುಮ್ಮನೆ "ದೇವರು ದಾರಿ ತೋರಿಸಿದ" ಎನ್ನುತ್ತಾರೆ.

ನಮ್ಮ ಸೀಮೆಯಲ್ಲಿ ಒಂದೇ ದಿನದಲ್ಲಿ ರಾಜನಾಗಿ ಸಂಜೆಗೆ ಬಡವನಾಗುವ ಜನ ಇದ್ದರು, ಹಗಲುವೇಷದವರು. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಬೀದಿಯಲ್ಲಿ ರಾಮನಾಗಿ ರಾವಣನಾಗಿ ಗರ್ಜಿಸಿ, ಅದೇ ಕಿರೀಟದಲ್ಲಿ ಮನೆ ಮನೆಯ ಮುಂದೆ ಜೋಳಿಗೆ ಚಾಚುತ್ತಿದ್ದರು. ಅದೇ ಬಳಗದಿಂದ ಬಂದು ತೊಗಲುಗೊಂಬೆಯಲ್ಲಿ ಗಾಂಧಿಯ ಕಥೆಯನ್ನೂ ಆಡಿಸಿದ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಂಡರು. ವೇಷದವರಿಗೆ ಒಂದು ಪ್ರಾಮಾಣಿಕತೆ ಇತ್ತು: ಬಣ್ಣ ತೊಳೆದರೆ ರಾಜ ಹೋಗುತ್ತಾನೆಂದು ಅವರಿಗೆ ಗೊತ್ತಿತ್ತು. ಉಳಿದವರು ಬಣ್ಣ ತೊಳೆಯುವುದನ್ನೇ ಬಿಟ್ಟಿದ್ದಾರೆ.

ಸಾಹಿತಿಗಳಾದರೂ ಇದರಿಂದ ಹೊರಗೆ ಇದ್ದಾರೆಂದು ನೀವು ತಿಳಿದಿದ್ದರೆ ನಿಮ್ಮ ಮುಗ್ಧತೆಗೆ ನಮಸ್ಕಾರ. ನಮ್ಮ ಅವಿಭಜಿತ ಜಿಲ್ಲೆಯ ಬರಹಗಾರರು ಕೆಳಗಿನ ಸಾಲಿನಲ್ಲಿ ಕೂತೇ ಬರೆದವರು. ಹರಪನಹಳ್ಳಿಯ ಬೀಚಿ ಪೊಲೀಸ್ ಇಲಾಖೆಯ ಗುಮಾಸ್ತಿಕೆ ಮಾಡಿಕೊಂಡು ತಿಮ್ಮನೆಂಬ ನಗೆಗಾರನನ್ನು ಹುಟ್ಟಿಸಿದರು. ಕೊಟ್ಟೂರಿನ ಕುಂ. ವೀರಭದ್ರಪ್ಪ ಗಡಿ ಹಳ್ಳಿಗಳಲ್ಲಿ ಮೇಷ್ಟ್ರಾಗಿ ಕಂಡದ್ದನ್ನು ಬರೆದರು. ಮನ್ರೋನನ್ನು ತಂದು 'ಅರಮನೆ' ಕಾದಂಬರಿ ಕಟ್ಟಿ 2007ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರೂ ತಮ್ಮ ಆತ್ಮಕಥೆಗೆ ಇಟ್ಟ ಹೆಸರು 'ಗಾಂಧಿ ಕ್ಲಾಸು', ಟೆಂಟ್ ಸಿನಿಮಾದಲ್ಲಿ ಪರದೆಗೆ ಮೂಗು ತಾಗಿಸಿ ನೆಲದ ಮೇಲೆ ಕೂರುವ ಜಾಗ. ಬರೆದವರು ನೆಲದ ಮೇಲೆ; ಅವರ ಬಗ್ಗೆ ಭಾಷಣ ಮಾಡುವವರಿಗೆ ಮಾತ್ರ ಸೋಫಾ.

ಬಳ್ಳಾರಿಯಲ್ಲಿ 1926ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರು ಫ.ಗು. ಹಳಕಟ್ಟಿಯವರು. ವಕೀಲರು, ಬೇಕಾದಷ್ಟು ಗಳಿಸಬಹುದಾಗಿದ್ದವರು. ವಚನಗಳನ್ನು ಅಚ್ಚು ಹಾಕಿಸುವ ಹುಚ್ಚಿನಲ್ಲಿ ಮನೆ ಮಾರಿ ಮುದ್ರಣಾಲಯ ಇಟ್ಟರು, ಮೇಲಿನ ಮೆಟ್ಟಿಲಿನಿಂದ ಬೇಕೆಂದೇ ಕೆಳಗಿಳಿದರು. ಈಗಿನ ಸಮ್ಮೇಳನಗಳಲ್ಲಿ ಯಾರೂ ಹಾಗೆ ಇಳಿಯುವ ಪ್ರಮಾದ ಮಾಡುವುದಿಲ್ಲ. ವೇದಿಕೆಯ ಮೇಲೆ ಮೂರು ಸಾಲು ಕುರ್ಚಿ; ಮೊದಲ ಸಾಲಿನಿಂದ ಎರಡನೆಯದಕ್ಕೆ ಜಾರಿದ ಕವಿ ಆ ಅವಮಾನದಲ್ಲಿ ಸಮಾನತೆಯ ಬಗ್ಗೆ ಇನ್ನೂ ತೀಕ್ಷ್ಣವಾದ ಪದ್ಯ ಓದುತ್ತಾನೆ. ಊಟಕ್ಕೆ ಮೂರು ಕಡೆ: ಗಣ್ಯರಿಗೆ ಒಂದು, ನೋಂದಾಯಿತ ಪ್ರತಿನಿಧಿಗಳಿಗೆ ಒಂದು, ಸಾರ್ವಜನಿಕರಿಗೆ ಒಂದು. ಓಓಡಿ ಎಂಬ ಅನ್ಯಕಾರ್ಯದ ಅನುಮತಿ ಪಡೆದು ಬಂದ ಮೇಷ್ಟ್ರುಗಳು ಎರಡನೆಯದರಲ್ಲಿ ನಿಂತು ಮೊದಲನೆಯದರ ಹೋಳಿಗೆಯ ವಾಸನೆ ಕುಡಿಯುತ್ತಾರೆ. ಜಾತಿ ವಿನಾಶದ ಗೋಷ್ಠಿ ಮುಗಿಸಿದ ವಿದ್ವಾಂಸರು ಗಣ್ಯರ ಪಾಸು ಕಿಸೆಯಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡೇ ವೇದಿಕೆ ಇಳಿಯುತ್ತಾರೆ. ಮಂಡ್ಯದಲ್ಲಿ 2024ರ ಡಿಸೆಂಬರಿನಲ್ಲಿ ಜನ ಬಾಡೂಟವೂ ಬೇಕೆಂದು ಕೇಳಿದಾಗ ಸಾಹಿತ್ಯಕ್ಕೇ ಮೈಲಿಗೆಯಾದಂತೆ ಕೆಲವರು ಬೆಚ್ಚಿದರು. ಬಳ್ಳಾರಿಯ ಆ ಮನೆ ಮಾಲೀಕರ ಪ್ರಶ್ನೆಯೇ ಅಲ್ಲಿ ದೊಡ್ಡ ಶಾಮಿಯಾನದ ಕೆಳಗೆ ಎದ್ದದ್ದು.

ಆ ಮಂಡ್ಯದ ಸಮ್ಮೇಳನದಲ್ಲೇ ಮುಂದಿನದು ಬಳ್ಳಾರಿಗೆ ಎಂದು ಘೋಷಣೆಯಾಗಿದೆ. 1926, 1938, 1958 ಆದ ಮೇಲೆ ನಮಗೆ ಮತ್ತೆ ಸರದಿ. ಅದು ಯಾವಾಗ ಕೂಡಿಬಂದರೂ ಸ್ವಾಗತ ಸಮಿತಿಯವರಿಗೆ ನನ್ನದೊಂದು ಅರ್ಜಿ. ಗಣ್ಯರ ಊಟದ ಪಾಸು ಅಚ್ಚು ಹಾಕಿಸಬೇಡಿ. ಒಂದೇ ಪಂಕ್ತಿ ಇರಲಿ. ಅಧ್ಯಕ್ಷರು, ಮಂತ್ರಿಗಳು, ಮುಂಡರಗಿಯ ಕಾಜಾ ಹುಡುಗ, ಸಿರುಗುಪ್ಪದ ಗುತ್ತಿಗೆ ರೈತ ಎಲ್ಲರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲಲಿ, ಬಡಿಸುವವರು ಅಡ್ಡಹೆಸರು ಕೇಳದಿರಲಿ. ಪಾಸಿನ ಖರ್ಚು ಉಳಿದರೆ ಆ ಸಾಲಿನ ಉದ್ದಕ್ಕೂ ನೆರಳು ಹಾಕಿಸಿ. ಬಳ್ಳಾರಿಯ ಬಿಸಿಲಿನಲ್ಲಿ ಗಣ್ಯರಿಗೆ ಸಾಲಿನಲ್ಲಿ ನಿಂತು ರೂಢಿಯಿಲ್ಲ.